ಒಡೆದ ಕಾಲು ಕೊಳಕು ಕಾಲಲ್ಲ

ಮಕ್ಕಳೇ, ಚಳಿಗಾಲದಲ್ಲಿ ನಿಮ್ಮ ಮೊಣಕಾಲಿನ ಕೆಳಗೆ ಉಗುರಿನಿಂದ ಮೆಲ್ಲಗೆ ಗೀಚಿ ನೋಡಿ. ಬಿಳಿ ಗೆರೆ ಮೂಡುತ್ತದೆ. ಹೀಗೆ ಕಾಲ ಮೇಲೆ ಹೆಸರು ಬರೆದು ಆಡುವುದು ನಿಮಗೆ ಗೊತ್ತೇ ಇದೆ. ಆದರೆ ಅದೇ ಬಿಳಿ ಕಾಲನ್ನು ಕಂಡು, ‘ಇವನು ಜಳಕ ಮಾಡಿಲ್ಲ’ ಎಂದು ಗೆಳೆಯನನ್ನು ನೋಡಿ ನಗುವುದೂ ಉಂಟು. ಹಾಗೆ ನಗುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ಏಕೆ? ವಿಜ್ಞಾನವನ್ನೇ ಕೇಳೋಣ.

ಯಾದಗಿರಿ ಜಿಲ್ಲೆಯ ನಾರಾಯಣಪುರದಲ್ಲಿ ಕೃಷ್ಣಾ ನದಿಗೆ ಅಡ್ಡಲಾಗಿ ಕಟ್ಟಿದ ಬಸವಸಾಗರ ಜಲಾಶಯವಿದೆ. ಕಣ್ಣು ಹಾಯಿಸಿದಷ್ಟು ದೂರ ನೀರು. ಆದರೂ ಡಿಸೆಂಬರ್ ಬಂತೆಂದರೆ ಅಲ್ಲಿಯೂ ತುಟಿ ಬಿರಿಯುತ್ತದೆ, ಕಾಲು ಒಡೆಯುತ್ತದೆ. ಇಷ್ಟು ನೀರಿನ ಪಕ್ಕದಲ್ಲಿದ್ದರೂ ಚರ್ಮ ಒಣಗುವುದೇಕೆ?

ಇದಕ್ಕೆ ಮುಖ್ಯ ಕಾರಣ ಒಣಗಾಳಿ. ಮಳೆಗಾಲದ ಗಾಳಿ ಅರಬ್ಬೀ ಸಮುದ್ರದಿಂದ ತೇವ ಹೊತ್ತು ತರುತ್ತದೆ. ಚಳಿಗಾಲದ ಗಾಳಿಯಾದರೋ ಒಣ ನೆಲದ ಮೇಲೆ ಹಾದು ಬರುತ್ತದೆ. ಇನ್ನೊಂದು ಸಂಗತಿ ಗಮನಿಸಿ. 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 13 ಗ್ರಾಂ ನೀರಾವಿ ಇರಬಲ್ಲದು. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ಇರಬಲ್ಲದು. ಹಾಗಾಗಿ ಬೆಳಗಿನ ತಣ್ಣನೆಯ ಗಾಳಿ ಮಧ್ಯಾಹ್ನ ಬಿಸಿಯಾದಾಗ ಅದರಲ್ಲಿ ಇನ್ನಷ್ಟು ನೀರಾವಿಗೆ ಜಾಗವಾಗುತ್ತದೆ. ಆಗ ಹಸಿ ಬಟ್ಟೆಯಿಂದ ನೀರು ಆವಿಯಾಗುವಂತೆ ನಮ್ಮ ಚರ್ಮದಿಂದಲೂ ಆವಿಯಾಗುತ್ತದೆ.

ಈ ನೀರನ್ನು ತಡೆದಿಡಲು ಚರ್ಮಕ್ಕೆ ತನ್ನದೇ ಗೋಡೆಯಿದೆ. ಚರ್ಮದ ಅತಿ ಹೊರಗಿನ ಪದರದಲ್ಲಿ ಸತ್ತ ಜೀವಕೋಶಗಳು ಇಟ್ಟಿಗೆಗಳಂತೆ ಜೋಡಣೆಯಾಗಿವೆ. ಅವುಗಳ ನಡುವೆ ಕೊಬ್ಬಿನ ಅಂಶ ಗಾರೆಯಂತೆ ತುಂಬಿದೆ. ಗಾರೆ ಸವೆದರೆ ಗೋಡೆ ಸಡಿಲವಾಗುತ್ತದೆ. ಒಣಗಿದ ಕೋಶಗಳು ಅಲ್ಲಲ್ಲಿ ಎದ್ದು ನಿಲ್ಲುತ್ತವೆ. ನಿಮ್ಮ ಕಾಲ ಮೇಲಿನ ಬಿಳಿ ಗೆರೆ ಅದೇ. ಅದು ಕೊಳೆಯಲ್ಲ.

ಇಲ್ಲೊಂದು ತಮಾಷೆಯಿದೆ. ತುಂಬಾ ಬಿಸಿಯಾದ ನೀರು ಮತ್ತು ಸೋಪು ಈ ಗಾರೆಯನ್ನು ತೊಳೆದು ಹಾಕುತ್ತವೆ. ‘ಕೊಳಕು’ ಎಂದು ನಗಿಸಿಕೊಂಡ ಹುಡುಗ ಮರುದಿನ ಕಾಲನ್ನು ಬಟ್ಟೆ ಸೋಪಿನಿಂದ ಉಜ್ಜಿ ಉಜ್ಜಿ ತೊಳೆದರೆ, ಅವನ ಕಾಲು ಇನ್ನಷ್ಟು ಬೆಳ್ಳಗಾಗುತ್ತದೆ! ನಮ್ಮ ನಗು ಅವನಿಗೆ ತಪ್ಪು ಔಷಧಿ ಹೇಳಿಕೊಟ್ಟಂತಾಯಿತು.

ಹಾಗಾದರೆ ಏನು ಮಾಡಬೇಕು? ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ. ಮೈಸೋಪನ್ನು ಮಿತವಾಗಿ ಬಳಸಿ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ. ಮೈಯಲ್ಲಿ ಇನ್ನೂ ಸ್ವಲ್ಪ ತೇವವಿರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚಿ. ಎಣ್ಣೆ ತಾನಾಗಿ ನೀರು ಕೊಡುವುದಿಲ್ಲ, ಇರುವ ನೀರು ಹಾರಿಹೋಗದಂತೆ ಮುಚ್ಚಳ ಹಾಕುತ್ತದೆ. ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಬೇಡಿ. ಎಂಜಲು ಆರುವಾಗ ತುಟಿ ಮತ್ತಷ್ಟು ಒಣಗುತ್ತದೆ.

ಟಿ.ವಿ. ಜಾಹೀರಾತು ನೋಡಿ ದುಬಾರಿ ಕ್ರೀಮು ಬೇಕೆಂದು ಹಟ ಹಿಡಿಯಬೇಡಿ. ಚರ್ಮಕ್ಕೆ ಬೇಕಾದದ್ದು ತೇವ, ಬಿಳಿ ಬಣ್ಣವಲ್ಲ. ಆ ಕೆಲಸಕ್ಕೆ ಅಡುಗೆಮನೆಯ ಎಣ್ಣೆ ಬಾಟಲಿ ಸಾಕು.

ಕೊನೆಯದಾಗಿ ಒಂದು ಮಾತು. ಅಂಗಾಲಿನಲ್ಲಿ ಎಣ್ಣೆ ಸ್ರವಿಸುವ ಗ್ರಂಥಿಗಳೇ ಇಲ್ಲ. ಜೊತೆಗೆ ಇಡೀ ಮೈಭಾರ ಅದರ ಮೇಲೆ. ಆದ್ದರಿಂದ ಹಿಮ್ಮಡಿ ಬೇಗ ಬಿರುಕು ಬಿಡುತ್ತದೆ. ಭತ್ತದ ಗದ್ದೆಯ ಕೆಸರಿನಲ್ಲಿ ನಿಂತು, ಮತ್ತೆ ಬರಿಗಾಲಲ್ಲಿ ಒಣ ಬದುವಿನ ಮೇಲೆ ನಡೆಯುವವರ ಹಿಮ್ಮಡಿ ಇನ್ನೂ ಬೇಗ. ಬಿರುಕು ಆಳವಾದರೆ ರಕ್ತ ಬರುತ್ತದೆ, ಅದರೊಳಗೆ ರೋಗಾಣು ಸೇರುತ್ತದೆ. ಬಿರುಕಿನಲ್ಲಿ ಕೀವು ಅಥವಾ ಬಾವು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲೇಬೇಕು.

ಇಂದು ರಾತ್ರಿ ನಿಮ್ಮ ಅವ್ವನ ಹಿಮ್ಮಡಿ ನೋಡಿ. ಒಡೆದಿದ್ದರೆ, ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲು ನೆನೆಸಲು ಹೇಳಿ, ಒರೆಸಿ, ನೀವೇ ಎಣ್ಣೆ ಹಚ್ಚಿ. ಪಾಠದಲ್ಲಿ ಓದಿದ ವಿಜ್ಞಾನ ಮನೆಯವರ ನೋವನ್ನು ಕಡಿಮೆ ಮಾಡಿದಾಗಲೇ ಅದು ನಿಜವಾಗಿ ನಮ್ಮದಾಗುತ್ತದೆ. ಏನಂತೀರಿ?