ಕಾಳಿ ನದಿಯ ಮೋಟಾರು ದೋಣಿಗಳಿಗೆ ವೇಗಮಿತಿ ಬೇಕು

ಕಾಳಿ ನದಿ ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ಕಡಲು ಸೇರುತ್ತದೆ. ಅಲ್ಲಿಂದ ಕದ್ರಾ ಅಣೆಕಟ್ಟೆಯ ಬುಡದವರೆಗೆ ಸುಮಾರು 30 ಕಿ.ಮೀ. ನೀರು ಹಿಂದಿನಿಂದಲೂ ದೋಣಿಯ ದಾರಿ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯಲ್ಲಿ ಕಾಳಿಗೆ 52ನೇ ಸಂಖ್ಯೆಯೂ ಸಿಕ್ಕಿದೆ. ರಜೆಯ ದಿನಗಳಲ್ಲಿ ಈಗ ಇಲ್ಲಿ ಖಾಸಗಿ ಮೋಟಾರು ದೋಣಿಗಳದ್ದೇ ಸದ್ದು. ಕಳೆದ ಭಾನುವಾರ ಇಳಿತದ ಹೊತ್ತಿನಲ್ಲಿ ಬಳಚು ಚಿಪ್ಪುಮೀನು ಆರಿಸುತ್ತಿದ್ದ ಹೆಂಗಸರ ಪಕ್ಕದಲ್ಲೇ ಅಂಥದೊಂದು ದೋಣಿ ಪೂರ್ಣ ವೇಗದಲ್ಲಿ ಹಾದುಹೋಗಿದ್ದು, ಅದರ ಅಲೆಗೆ ಅವರ ಪಾತಿ ದೋಣಿ ಮಗುಚಿ ಬೆಳಗಿನ ದುಡಿಮೆಯೆಲ್ಲ ನೀರುಪಾಲಾದದ್ದು ಪತ್ರಿಕೆಗೆ ಗೊತ್ತಿರುವ ಸಂಗತಿಯೇ. ದೋಣಿ ನಿಲ್ಲಲಿಲ್ಲ. ಪ್ರವಾಸೋದ್ಯಮ ಬೆಳೆಯಬೇಕಾದರೆ ಇಷ್ಟನ್ನು ಸಹಿಸಿಕೊಳ್ಳಬೇಕು ಎಂಬ ಮಾತು ಆಮೇಲೆ ಕೇಳಿಬಂತು. ನದಿಯನ್ನೇ ನಂಬಿ ಬದುಕುವವರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ಈ ದಾರಿಯ ಮೊದಲ ಅಪಾಯ ಅಳಿವೆಯಲ್ಲೇ ಇದೆ. ಇಳಿತದಲ್ಲಿ ಹೊರನುಗ್ಗುವ ಹೊಳೆನೀರು ಒಳಬರುವ ಕಡಲಲೆಗೆ ಎದುರಾದಾಗ ಅಲೆ ಕಡಿದಾಗಿ ಏಳುತ್ತದೆ. ಕೆಳಗೆ ಮರಳದಿಬ್ಬ ಇದ್ದರಂತೂ ಅಲ್ಲೇ ಒಡೆಯುತ್ತದೆ. ದಿಬ್ಬ ಪ್ರತಿ ಮಳೆಗಾಲದ ನಂತರ ಜಾಗ ಬದಲಿಸುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಸ್ಥಳೀಯ ಮೀನುಗಾರರು ಉಬ್ಬರ ತುಂಬಿ ನೀರು ನಿಂತ ಹೊತ್ತು ನೋಡಿಯೇ ಅಳಿವೆ ದಾಟುತ್ತಾರೆ. ಬಾಡಿಗೆ ದೋಣಿ ಹೊರಡುವುದು ಪ್ರವಾಸಿಗರ ಊಟದ ಸಮಯ ನೋಡಿ.

ಸೇತುವೆ ದಾಟಿ ಒಳಗೆ ಬಂದರೆ ಸುಂಕೇರಿ, ಕಡವಾಡದ ಕಡೆ ನದಿ ಹರಡಿಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ನೀರೇ ನೀರು. ಆದರೆ ಇಳಿತದಲ್ಲಿ ಅಂಚಿನ ಬಹುಪಾಲು ಕಡೆ ನೀರು ಮೊಣಕಾಲುದ್ದವೂ ಇರುವುದಿಲ್ಲ. ಬಳಚು, ಕಲ್ವಾದಂಥ ಚಿಪ್ಪುಮೀನು ಸಿಗುವುದು, ಹೆಂಗಸರು ಬಗ್ಗಿ ಕೆಲಸ ಮಾಡುವುದು ಅಲ್ಲಿಯೇ. ಮೀನಿಗೆ ಬಲೆ ಕಟ್ಟುವುದೂ, ಮೀನುಮರಿಗಳಿಗೆ ಆಸರೆಯಾದ ಕಾಂಡ್ಲಾ ಗಿಡಗಳು ಬೇರು ಬಿಡುವುದೂ ಅಲ್ಲಿಯೇ. ಮೋಟಾರು ದೋಣಿ ಅತಿ ದೊಡ್ಡ ಅಲೆ ಎಬ್ಬಿಸುವುದು ಮೂತಿ ಮೇಲೆತ್ತಿ, ಹಿಂಭಾಗ ನೀರಿಗೆ ಒತ್ತಿ ಓಡುವಾಗ. ಆ ಅಲೆ ದೋಣಿ ಕಣ್ಮರೆಯಾದ ಮೇಲೂ ದಂಡೆಗೆ ಬಡಿಯುತ್ತಲೇ ಇರುತ್ತದೆ, ಮಣ್ಣು ಕೊರೆಯುತ್ತದೆ, ಎಳೆಯ ಕಾಂಡ್ಲಾ ಸಸಿ ಕೀಳುತ್ತದೆ. ಬಲೆ ಪ್ರೊಪೆಲ್ಲರಿಗೆ ಸಿಕ್ಕಿದರೆ ಬಲೆಯ ಕಥೆ ಮುಗಿಯಿತು. ನಡೆಯುವ ವೇಗಕ್ಕೆ ಇಳಿಸಿದರೆ ಅಲೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ದೋಣಿಗೆ ಸ್ವಲ್ಪ ತಡವಾದೀತು, ಅಷ್ಟೆ. ಇದಕ್ಕೆ ಹಣ ಬೇಡ, ಯೋಜನೆ ಬೇಡ, ಒಂದು ಆದೇಶ ಸಾಕು. ಅದೊಂದೂ ಆಗದೆ ಇರುವುದು ಕಾರವಾರಕ್ಕೆ ಶೋಭೆಯಲ್ಲ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರನಾಥ ಠಾಗೋರರು ಬೆಳದಿಂಗಳಲ್ಲಿ ಚಿಕ್ಕ ದೋಣಿಯೇರಿ ಹೋದದ್ದು ಇದೇ ನದಿಯಲ್ಲಿ. ಅವರ ಹೆಸರನ್ನು ಕಡಲತೀರಕ್ಕೆ ಇಟ್ಟ ಊರು ಅವರು ಕಂಡ ಹೊಳೆಯ ಶಾಂತಿಯನ್ನು ಕಾಯಬೇಡವೇ?

ಇನ್ನೂ ಮೇಲೆ, ಕದ್ರಾದ ಕಡೆ, ನದಿ ಕಿರಿದಾಗುತ್ತದೆ. ವಿದ್ಯುತ್ ಉತ್ಪಾದನೆಗೆ ತಕ್ಕಂತೆ ಅಣೆಕಟ್ಟೆಯಿಂದ ಬರುವ ನೀರು ಏರಿಳಿಯುತ್ತದೆ. ಮಳೆಗಾಲದಲ್ಲಿ ಗೇಟು ತೆರೆದರೆ ದಂಡೆಯ ಮನೆಗಳನ್ನೇ ಖಾಲಿ ಮಾಡಿಸಬೇಕಾಗುತ್ತದೆ. ಆಗ ಆ ಭಾಗಕ್ಕೆ ವಿಹಾರದ ದೋಣಿ ಹೋಗಲೇಬಾರದು.

ಜೀವರಕ್ಷಕ ಜಾಕೆಟಿನ ವಿಷಯವೂ ಇಲ್ಲಿ ಹೇಳಲೇಬೇಕು. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದವರ ದೋಣಿ ಮಗುಚಿ 16 ಜನ ಸತ್ತರು. ಮಕ್ಕಳೂ ಇದ್ದರು. ಅಷ್ಟಾದ ಮೇಲೂ ಜಾಕೆಟುಗಳು ಸೀಟಿನ ಕೆಳಗೆ ಕಟ್ಟಿದ ಹಾಗೇ ಇರುತ್ತವೆ. ಕೇಳಿದ ಪ್ರವಾಸಿಗೆ, ಹೊಳೆಯಲ್ಲಿ ಏನಾಗುವುದಿಲ್ಲ ಎಂಬ ಉತ್ತರ. ಹಾಕಿಕೊಳ್ಳದವರನ್ನು ಧಕ್ಕೆಯಲ್ಲೇ ಇಳಿಸುವ ಒಬ್ಬ ಸಿಬ್ಬಂದಿಯೂ ಇಲ್ಲವೆಂದರೆ ಆ ಸಾವುಗಳಿಂದ ಯಾರೂ ಏನನ್ನೂ ಕಲಿತಿಲ್ಲ.

1917ರ ಹಳೆಯ ಕಾನೂನಿನ ಜಾಗಕ್ಕೆ ಬಂದ 2021ರ ಒಳನಾಡು ಹಡಗು ಕಾಯ್ದೆಯಲ್ಲಿ ಯಾಂತ್ರಿಕ ದೋಣಿಗಳ ನೋಂದಣಿ, ತಪಾಸಣೆ, ಜೀವರಕ್ಷಕ ಸಲಕರಣೆ ಎಲ್ಲಕ್ಕೂ ಅವಕಾಶವಿದೆ. ಕಾನೂನು ಸಾಲದು ಎನ್ನುವಂತಿಲ್ಲ. ಸುಂಕೇರಿ, ಕಡವಾಡ ಭಾಗದಲ್ಲಿ ವೇಗಮಿತಿ ಹಾಕಬೇಕು. ಆಳದ ದಾರಿ ತೋರಿಸುವ ಬೋಯೆಗಳನ್ನು ತೇಲಿಬಿಟ್ಟು, ಅವುಗಳ ಆಚೆ ಮೋಟಾರು ಓಡಿಸುವುದನ್ನು ನಿಷೇಧಿಸಬೇಕು. ಪ್ರತಿ ಧಕ್ಕೆಯಲ್ಲಿ ಅಂದಿನ ಉಬ್ಬರ–ಇಳಿತದ ವೇಳೆಯನ್ನು ಕನ್ನಡದಲ್ಲೂ ಕೊಂಕಣಿಯಲ್ಲೂ ಬರೆದು ಹಾಕಬೇಕು. ನೀರಿನಲ್ಲಿ ನಿಂತವರಿಗೂ ಓದಲು ಬರುವಂತೆ ನೋಂದಣಿ ಸಂಖ್ಯೆಯನ್ನು ದೋಣಿಯ ಎರಡೂ ಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸಬೇಕು. ಸಂಖ್ಯೆಯಿಲ್ಲದ ದೋಣಿಯನ್ನು ಧಕ್ಕೆಯಿಂದ ಹೊರಡಲು ಬಿಡಬಾರದು.

– ನೊಂದ ಓದುಗರು, ಕಾರವಾರ