ಪೌರರ ಹಕ್ಕೂ ಪೌರರ ಮೌನವೂ

ಮನೆಯ ಯಜಮಾನನನ್ನು ಒಂದು ಮಾತು ಕೇಳದೆ ಮನೆಯ ಗೋಡೆಗಳನ್ನು ಒಡೆದು ಬೇರೆ ಕಟ್ಟುವ ಮೇಸ್ತ್ರಿಯನ್ನು ಯಾರೂ ಸೈರಿಸಲಾರರು. ಬೆಂಗಳೂರು ನಗರದ ವಿಷಯದಲ್ಲಿ ನಡೆದದ್ದು ಇದೇ. 2015ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಆ ನಗರದ ಮಹಾಜನರು ತಮ್ಮ ಪಾಲಿಕೆಗೆ ಮತ ಕೊಟ್ಟರು. ಹಾಗೆ ಆರಿಸಿಬಂದ ಸಭೆಯ ಅವಧಿಯು 2020ರ ಸಪ್ಟಂಬರದಲ್ಲಿ ತೀರಿತು. ಅಲ್ಲಿಂದ 2025ರ ಸಪ್ಟಂಬರದಲ್ಲಿ ಪಾಲಿಕೆಯನ್ನೇ ಐದು ಭಾಗ ಮಾಡುವ ವರೆಗೆ ಚುನಾಯಿತನಾದ ಒಬ್ಬನೇ ಒಬ್ಬ ಸದಸ್ಯನೂ ಇಲ್ಲದೆ, ಸರಕಾರವು ನೇಮಿಸಿದ ಅಧಿಕಾರಿಗಳೇ ಊರಿನ ಕಾರಭಾರವನ್ನು ನಡೆಯಿಸಿದರು. ಒಂದು ಸಭೆಯ ಪೂರ್ಣಾಯುಷ್ಯವೇ ಪೌರರ ಕೈಯಿಂದ ಜಾರಿಹೋಯಿತು.

ಇದು ಕಾಯಿದೆಯ ಕೊರತೆಯಿಂದ ಆದದ್ದಲ್ಲ. 1993ನೆಯ ಇಸವಿಯ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಈ ಸಂಗತಿಯಲ್ಲಿ ಸಂದೇಹಕ್ಕೆ ಎಡೆಯನ್ನೇ ಬಿಟ್ಟಿಲ್ಲ. ನಗರಸಭೆಯ ಅವಧಿಯು ಐದು ವರ್ಷ, ಅದಕ್ಕೆ ಮೀರಿ ಒಂದು ದಿನವೂ ಇಲ್ಲ. ಆ ಅವಧಿಯು ತೀರುವ ಮೊದಲೇ ಹೊಸ ಚುನಾವಣೆಯು ಮುಗಿದಿರತಕ್ಕದ್ದು. ನಡುವೆ ಸಭೆಯನ್ನು ವಿಸರ್ಜಿಸಿದರೆ ಆರು ತಿಂಗಳೊಳಗೆ ಮರುಚುನಾವಣೆಯು ಆಗತಕ್ಕದ್ದು ಎಂದು 243-ಯು ಕಲಮು ವಿಧಿಸುತ್ತದೆ. ಹೀಗಿದ್ದೂ ಬೆಂಗಳೂರಿಗೆ ಈ ಗತಿ ಬಂದದ್ದು ಇದೇ ಮೊದಲಲ್ಲ. 2006ರ ಕೊನೆಗೆ ಅವಧಿ ತೀರಿದ ಸಭೆಯ ಸ್ಥಾನವು 2010ರ ಮಾರ್ಚಿನ ಚುನಾವಣೆಯ ವರೆಗೂ ಬರಿದಾಗಿಯೇ ಇದ್ದಿತು.

ಹಾಗಾದರೆ ಕಾಯಿದೆಯನ್ನು ದಾಟಿದ ಬಗೆ ಯಾವದು? ವಾರ್ಡುಗಳ ಲೆಕ್ಕದಿಂದ! ಮೊದಲು 198 ಇದ್ದ ವಾರ್ಡುಗಳು 243 ಆಗಬೇಕೆಂದರು; ತರುವಾಯ 225 ಸಾಕೆಂದರು; ಕಡೆಗೆ ಐದು ಪಾಲಿಕೆಗಳನ್ನು ಮಾಡಿ ಎಲ್ಲ ಸೇರಿ 360ಕ್ಕೂ ಮಿಕ್ಕಿದವು. ಪ್ರತಿಯೊಂದು ಸಾರೆ ಎಲ್ಲೆಕಟ್ಟುಗಳನ್ನು ಹೊಸದಾಗಿ ಎಳೆಯಬೇಕು, ಮೀಸಲಾತಿಯ ಪಟ್ಟಿಯನ್ನು ಹೊಸದಾಗಿ ಬರೆಯಬೇಕು, ಅದರ ಮೇಲೆ ತಕರಾರು ಹುಟ್ಟಬೇಕು, ತಕರಾರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. 2020ರ ಡಿಸೆಂಬರದಲ್ಲಿ ಉಚ್ಚ ನ್ಯಾಯಾಲಯವು ಚುನಾವಣೆ ನಡೆಯಿಸಿರೆಂದಿತು. ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಆ ಆಜ್ಞೆಗೆ ತಡೆ ಬಂದಿತು. ಎಲ್ಲೆಕಟ್ಟಿನ ಕೆಲಸ ಬಾಕಿ ಇದೆಯೆಂಬ ನೆವದಿಂದ ಸ್ಥಾನಿಕ ಚುನಾವಣೆಗಳನ್ನು ಮುಂದೆ ಹಾಕಲಾಗದೆಂದು ಅದೇ ಸರ್ವೋಚ್ಚ ನ್ಯಾಯಾಲಯವು 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಮೊಕದ್ದಮೆಯಲ್ಲಿ ಸಾರಿತು. ಆದರೂ ಬೆಂಗಳೂರಿನಲ್ಲಿ ಮತಪೆಟ್ಟಿಗೆ ಹೊರಬೀಳಲಿಲ್ಲ. ಆ ಐದು ವರ್ಷಗಳಲ್ಲಿ ರಾಜ್ಯದ ಸರಕಾರವು ಒಂದು ಪಕ್ಷದ ಕೈಯಿಂದ ಇನ್ನೊಂದರ ಕೈಗೆ ಹೋಯಿತು. ಆದಕಾರಣ ಇದನ್ನು ಒಂದೇ ಪಕ್ಷದ ಅಪರಾಧವೆಂದು ಎಣಿಸುವದು ನ್ಯಾಯವಾಗಲಾರದು. ಪೌರಸಭೆಯಿಲ್ಲದ ಪಟ್ಟಣವು ಆಳುವವರೆಲ್ಲರಿಗೂ ಅನುಕೂಲವೇ.

ನಗರವನ್ನು ಐದಾಗಿ ವಿಭಾಗಿಸಿದ್ದು ತಪ್ಪೆಂದು ನಾವು ಹೇಳುತ್ತಿಲ್ಲ. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಮುನಸಿಪಾಲಿಟಿಗಳು ಹುಟ್ಟಿದವು. 1949ರಲ್ಲಿ ಅವೆರಡೂ ಕೂಡಿ ಒಂದು ಕಾರ್ಪೊರೇಶನ್ ಆಯಿತು. 2007ರಲ್ಲಿ ಸುತ್ತಲಿನ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿಕೊಂಡು ಬೃಹತ್ ಪಾಲಿಕೆಯಾಯಿತು. 2011ರ ಜನಗಣತಿಯಲ್ಲೇ 84 ಲಕ್ಷ ಜನರಿದ್ದ ಊರನ್ನು ಒಂದೇ ದಫ್ತರದಿಂದ ಆಳುವದು ಕಷ್ಟವೆಂಬ ವಾದದಲ್ಲಿ ಸತ್ಯಾಂಶವುಂಟು. ನಮ್ಮ ಆಕ್ಷೇಪಣೆಯು ಬೇರೆ. ಕೂಡಿಸುವಾಗಲೂ ಒಡೆಯುವಾಗಲೂ ತೆರಿಗೆ ತೆರುವ ಪೌರನನ್ನು ಯಾರೂ ಕೇಳಲಿಲ್ಲ. ಐದು ಪಾಲಿಕೆಗಳ ಮೇಲೆ ನಿಲ್ಲಿಸಿದ ಪ್ರಾಧಿಕಾರಕ್ಕೆ ರಾಜ್ಯದ ಮುಖ್ಯಮಂತ್ರಿಗಳೇ ಅಧ್ಯಕ್ಷರು ಎಂದು ಕಾಯಿದೆ ಮಾಡಿದಾಗಲೂ ಕೇಳಲಿಲ್ಲ. ಕೇಳೋಣವೆಂದರೆ ಪೌರನ ಪರವಾಗಿ ಒಂದು ಠರಾವನ್ನಾದರೂ ಮಾಡಬಹುದಾದ ಸಭೆಯೇ ಆಗ ಇರಲಿಲ್ಲ.

ಪೌರರನ್ನು ಹೀಗೆ ಕೇಳುವದು ಆಗದ ಮಾತೆಂದು ಕೆಲವರು ನಕ್ಕಾರು. ಅಂಥವರು ಅಮೇರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದತ್ತ ನೋಡಲಿ. 2021ರ ನವೆಂಬರ್ 2ರಂದು ಅಲ್ಲಿಯ ಮತದಾರರು ಮೇಯರರನ್ನೂ ಸದಸ್ಯರನ್ನೂ ಆರಿಸಿದ್ದಲ್ಲದೆ ಮೂರು ಪ್ರಶ್ನೆಗಳಿಗೆ ಹೌದು, ಅಲ್ಲ ಎಂದು ಉತ್ತರ ಕೊಟ್ಟರು. ನಗರದ ಕಾರ್ಯಾಧಿಕಾರವು ಮೇಯರರೊಬ್ಬರ ಕೈಯಲ್ಲಿರಬೇಕೇ ಎಂಬದು ಮೊದಲನೆಯದು, ಜನರು ಹೌದೆಂದರು. ಪೋಲೀಸು ಇಲಾಖೆಯನ್ನು ತೆಗೆದು ಸಾರ್ವಜನಿಕ ರಕ್ಷಣೆಯ ಬೇರೊಂದು ಇಲಾಖೆಯನ್ನು ಕಟ್ಟಬೇಕೇ ಎಂಬದು ಎರಡನೆಯದು. ಹಿಂದಿನ ವರ್ಷ ಅದೇ ಊರಿನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬವರು ಪೋಲೀಸರ ಕೈಯಲ್ಲಿ ಸತ್ತಿದ್ದರಿಂದ ಲೋಕವೆಲ್ಲ ಕಣ್ಣಿಟ್ಟಿದ್ದ ಪ್ರಶ್ನೆಯಿದು, ಜನರು ಬೇಡವೆಂದರು. ಮನೆಬಾಡಿಗೆಯನ್ನು ಹತೋಟಿಯಲ್ಲಿಡುವ ಅಧಿಕಾರವು ಸಭೆಗೆ ಬೇಕೇ ಎಂಬದು ಮೂರನೆಯದು, ಬೇಕೆಂದರು. ಅವರ ಉತ್ತರಗಳು ಸರಿಯೋ ತಪ್ಪೋ ಎಂಬ ಚರ್ಚೆ ನಮಗೆ ಬೇಕಿಲ್ಲ. ತನ್ನ ಊರಿನ ಆಡಳಿತದ ರೂಪವು ಹೇಗಿರಬೇಕೆಂಬದನ್ನು ಸಾಮಾನ್ಯ ಪೌರನು ವಿಚಾರಿಸಿ ನಿರ್ಣಯಿಸಬಲ್ಲನೆಂಬ ವಿಶ್ವಾಸವನ್ನು ಅಲ್ಲಿಯ ಕಾಯಿದೆಯು ಇಟ್ಟಿತು; ಇದೇ ನಾವು ಗಮನಿಸಬೇಕಾದ ಅಂಶ.

ನಮ್ಮ ಕಾಯಿದೆಯಲ್ಲಿ ಇಂಥ ಪ್ರಶ್ನೆಯ ಚೀಟಿಗೆ ಅವಕಾಶವಿಲ್ಲ. ಆದರೆ ಸ್ಥಾನಿಕ ಸ್ವರಾಜ್ಯದ ಗೌರವವು ನಮಗೆ ಹೊಸದೇನೂ ಅಲ್ಲ. 1924ರಲ್ಲಿ ಚಿತ್ತರಂಜನ ದಾಸರು ಕಲಕತ್ತೆಯ ಮೇಯರರಾದರು. ಅದೇ ವರ್ಷ ವಲ್ಲಭಭಾಯಿ ಪಟೇಲರು ಅಹಮದಾಬಾದಿನ ಪೌರಸಭೆಯ ಅಧ್ಯಕ್ಷರಾದರು. ದೇಶದ ಬಿಡುಗಡೆಗೆ ಹೋರಾಡುತ್ತಿದ್ದ ಆ ಮಹನೀಯರಿಗೆ ಊರಿನ ಚರಂಡಿ, ದೀಪ, ನಲ್ಲಿಗಳ ಕೆಲಸವು ಹಗುರವಾಗಿ ಕಾಣಲಿಲ್ಲ.

ಇನ್ನು ಪೌರರಿಗೂ ಒಂದು ಮಾತು. 2015ರ ಚುನಾವಣೆಯಲ್ಲಿ ಬೆಂಗಳೂರಿನ ಮತದಾರರಲ್ಲಿ ಅರ್ಧದಷ್ಟು ಜನರೂ ಮತ ಹಾಕಲಿಲ್ಲ. ಮತಗಟ್ಟೆಗೆ ಹೋಗುವ ಬೇಸರವುಳ್ಳವರು ಹಕ್ಕು ಹೋಯಿತೆಂದು ಯಾವ ಬಾಯಿಯಿಂದ ಮೊರೆಯಿಡುವದು? ಮಳೆಗಾಲದಲ್ಲಿ ನೀರು ಮನೆಗೆ ನುಗ್ಗಿದಾಗ ಸರಕಾರವನ್ನು ಬಯ್ಯುವ ನಾಲಗೆಯು ಚುನಾವಣೆಯಿಲ್ಲದ ಐದು ವರ್ಷ ಬಹುಮಟ್ಟಿಗೆ ಸುಮ್ಮನಿದ್ದಿತು. ಈ ಮೌನವೇ ಅಧಿಕಾರಸ್ಥರ ದೊಡ್ಡ ಬಲ.

ಆದಕಾರಣ ಪಾಲಿಕೆಯ ಚುನಾವಣೆ ಬಂದಾಗಲೆಲ್ಲ ಮತದಾರನು ತನ್ನ ಪ್ರಶ್ನೆಯ ಚೀಟಿಯನ್ನು ತಾನೇ ಬರೆದುಕೊಂಡು ಬಾಗಿಲಿಗೆ ಬಂದ ಉಮೇದವಾರನ ಮುಂದೆ ಹಿಡಿಯಲಿ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಹೂಡಿದ ಕಾವೇರಿ ಐದನೆಯ ಹಂತದ ನೀರು ಹರಿದದ್ದು 2024ರ ಅಕ್ಟೋಬರದಲ್ಲಿ. ಹದಿನೇಳು ವರ್ಷ ತಡವಾದದ್ದೇಕೆ? ಸಂವಿಧಾನವು ಹೇಳಿದ ವಾರ್ಡು ಸಮಿತಿಯ ಸಭೆಯನ್ನು ತಪ್ಪದೆ ಕರೆಯುವಿರಾ? ಅವಧಿ ತೀರುವ ಮುನ್ನ ಮುಂದಿನ ಚುನಾವಣೆಯಾಗಲೆಂದು, ಸ್ವಂತ ಪಕ್ಷದ ಸರಕಾರವಿದ್ದರೂ, ಸಭೆಯಲ್ಲಿ ಠರಾವು ತರುವಿರಾ? ಈ ಮೂರಕ್ಕೂ ನೇರವಾದ ಉತ್ತರ ಕೊಡಲಾರದವನಿಗೆ ಮತವಿಲ್ಲವೆಂದು ಓಣಿ ಓಣಿಯಲ್ಲಿ ನಿಶ್ಚಯವಾಗಲಿ. ಊರು ಊರವರದು, ಊರವರು ಕೇಳುವದನ್ನು ಬಿಟ್ಟ ದಿನ ಅದು ಪರರದಾಗುವದು.