ಬಿಲ್ಲು ಕಟ್ಟುವವರು ಯಾರು?

ವರದಕ್ಷಿಣೆಯ ಮಾತು ಬಂದರೆ ನಾವು ಚಿನ್ನ, ಬೈಕು, ಛತ್ರದ ಬಾಡಿಗೆಯ ಲೆಕ್ಕ ಹಾಕುತ್ತೇವೆ. ಆಸ್ಪತ್ರೆಯ ಬಿಲ್ಲನ್ನು ಆ ಲೆಕ್ಕಕ್ಕೆ ಸೇರಿಸುವವರು ಕಡಿಮೆ. ಚೊಚ್ಚಲ ಹೆರಿಗೆ ತವರಿನದು ಎಂಬ ಕಟ್ಟಳೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಸಿಸೇರಿಯನ್ ಆಯಿತೋ, ನರ್ಸಿಂಗ್ ಹೋಮಿನ ಬಿಲ್ಲು ಹೆಣ್ಣು ಹೆತ್ತವರ ತಲೆಗೆ. ಸಂಘದಲ್ಲಿ ಸಾಲ ಎತ್ತುವವಳು ತಾಯಿ, ವಾರವಾರ ಕಂತು ಕಟ್ಟುವವಳೂ ಅವಳೇ. ಮುಂದೆ ಸೊಸೆ ಹಾಸಿಗೆ ಹಿಡಿದರೆ, 'ರೋಗಿಷ್ಠೆಯನ್ನು ನಮಗೆ ಕಟ್ಟಿದಿರಿ, ಖರ್ಚು ನೀವೇ ನೋಡಿಕೊಳ್ಳಿ' ಎಂಬ ಮಾತು. ಇದು ವರದಕ್ಷಿಣೆಯಲ್ಲದೆ ಮತ್ತೇನು? ಸರ್ಕಾರ ತನ್ನ ಆಸ್ಪತ್ರೆಗೆ ಕೊಡದ ಹಣವನ್ನು ಯಾರಾದರೂ ಕೊಡಲೇಬೇಕು. ಬಹಳ ಸಲ ಅದನ್ನು ಕೊಡುವುದು ಹೆಣ್ಣಿನ ತವರು.

ಕಾಗದದ ಮೇಲೆ ಹೀಗಾಗಬೇಕಿಲ್ಲ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಕೂಡ, ಪೂರ್ತಿ ಉಚಿತ. ಔಷಧಿ, ರಕ್ತ, ಊಟ, ಹೋಗಿಬರುವ ವಾಹನವೂ ಸೇರಿ. ಆದರೆ ರಾತ್ರಿ ಅರಿವಳಿಕೆ ವೈದ್ಯರೇ ಇಲ್ಲದ ತಾಲ್ಲೂಕು ಆಸ್ಪತ್ರೆ ಏನು ಮಾಡೀತು? ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದು ಕೈತೊಳೆದುಕೊಳ್ಳುತ್ತದೆ. ದಾರಿಯುದ್ದಕ್ಕೂ ನರ್ಸಿಂಗ್ ಹೋಮುಗಳ ಬೋರ್ಡು.

ಹಣವಿಲ್ಲ ಎನ್ನುತ್ತಾರೆ. ಅರ್ಥಶಾಸ್ತ್ರ ಪಾಠ ಹೇಳಿದವಳಿಗೆ ಬಜೆಟ್ ಪುಸ್ತಕ ತಿರುವುವ ಚಟ ನಿವೃತ್ತಿಯಾದರೂ ಬಿಡುವುದಿಲ್ಲ. 2025-26ರ ನಮ್ಮ ರಾಜ್ಯದ ಬಜೆಟ್ 4 ಲಕ್ಷ 9 ಸಾವಿರ ಕೋಟಿ ರೂಪಾಯಿಗೂ ಮೇಲೆ. ಅದರಲ್ಲಿ ಆರೋಗ್ಯಕ್ಕೆ 17 ಸಾವಿರ ಕೋಟಿ ಚಿಲ್ಲರೆ. ನೂರು ರೂಪಾಯಿಗೆ ನಾಲ್ಕೂಕಾಲು. 2020ರೊಳಗೆ ರಾಜ್ಯಗಳು ನೂರಕ್ಕೆ ಎಂಟಕ್ಕಿಂತ ಹೆಚ್ಚು ಆರೋಗ್ಯಕ್ಕೆ ಇಡಬೇಕು ಎಂದಿತ್ತು 2017ರ ರಾಷ್ಟ್ರೀಯ ಆರೋಗ್ಯ ನೀತಿ. ನಮ್ಮ ಸಂಘದಲ್ಲಿ ಯಾರಾದರೂ ಹೇಳಿದ್ದರಲ್ಲಿ ಅರ್ಧ ಕಟ್ಟಿದರೆ ಸುಮ್ಮನಿರುತ್ತೇವೆಯೇ?

ಕೇಳಿದರೆ ಕಾರ್ಡು ತೋರಿಸುತ್ತಾರೆ. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕಾರ್ಡು ಇದೆ; ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಹೃದಯದ ಆಪರೇಷನ್ ಆದವರಿಗೆ ಅದರಿಂದ ಉಪಕಾರವಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ದಾಖಲಾದರೆ ಮಾತ್ರ ದುಡಿಯುವ ಕಾರ್ಡು. ಬಿಳಿಮುಟ್ಟಿಗೆ, ರಕ್ತಹೀನತೆಗೆ, ಹೊಡೆತದಿಂದ ಊದಿದ ಮುಖಕ್ಕೆ ತೋರಿಸಿಕೊಂಡು ಮನೆಗೆ ಬರುವ ಹೆಂಗಸಿಗೆ ಅದರಿಂದ ಒಂದು ಪೈಸೆ ಇಲ್ಲ. ಸರ್ಕಾರಿ ಆಸ್ಪತ್ರೆ 'ನಮ್ಮಲ್ಲಿ ಆಗದು' ಎಂದಷ್ಟೂ ಸಲ ನಮ್ಮ ತೆರಿಗೆಯ ಹಣ ಖಾಸಗಿಯವರ ಖಾತೆಗೆ ಹೋಗುತ್ತದೆ. ಅದೇ ಹಣದಲ್ಲಿ ಇಲ್ಲೇ ಆಗುವಂತೆ ಮಾಡಬಾರದೇ?

ನಾನು ಹಟ ಹಿಡಿದು ಇದನ್ನು ಬರೆಯುತ್ತಿರುವುದು ಸುಟ್ಟಗಾಯದ ಹೆಂಗಸರಿಗಾಗಿ. 1990ರ ದಶಕದಲ್ಲಿ ವಿಮೋಚನಾದ ಮಹಿಳೆಯರು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಕೂತು ಕೇಳಿದ ಮೇಲೆ ತಾನೆ, 'ಸ್ಟೌ ಸಿಡಿಯಿತು' ಎಂಬ ದಾಖಲೆಗಳ ಹಿಂದಿನ ಕತೆ ಹೊರಬಿದ್ದದ್ದು! ತಾಲ್ಲೂಕಿನಲ್ಲಿ ಸುಟ್ಟಗಾಯದ ವಾರ್ಡಿಲ್ಲ, ಬೆಂದವಳನ್ನು ಗಂಡನೇ ಗಾಡಿ ಮಾಡಿಸಿ ದೂರದ ಊರಿಗೆ ಕರೆತಂದಿದ್ದಾನೆ, ಬಿಲ್ಲೂ ಅವನೇ ಕಟ್ಟಬೇಕು. ಮಂಚದ ಪಕ್ಕದಲ್ಲೇ ಅವನು ನಿಂತಿರುವಾಗ ಅವಳು ಯಾವ ಹೇಳಿಕೆ ಕೊಟ್ಟಾಳು? ಅವನ ಹಣದ ಹಂಗಿಲ್ಲದೆ ಚಿಕಿತ್ಸೆ ಸಿಕ್ಕರೆ ಅವಳು ನಿಜ ಹೇಳಿಯಾಳು.

ಕಾನೂನು ನೋಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮಿನಂತೆ ಅತ್ಯಾಚಾರಕ್ಕೆ, ಆ್ಯಸಿಡ್ ದಾಳಿಗೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು. ಸರಿಯಾದ ಕಾನೂನೇ. ಆದರೆ ಗಂಡನ ಮನೆಯವರು ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದವಳು ಆ ಪಟ್ಟಿಯಲ್ಲಿಲ್ಲ.

2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತೆಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಇವರಲ್ಲಿ ಠಾಣೆ ಮೆಟ್ಟಿಲು ಹತ್ತುವವರೆಷ್ಟು? ಗಾಯವಾದರೆ ಆಸ್ಪತ್ರೆಗೆ ಮಾತ್ರ ಬರಲೇಬೇಕು. 'ಜಾರಿ ಬಿದ್ದೆ' ಎಂದವಳನ್ನು ಮರೆಗೆ ಕರೆದು ಕೇಳುವ ನರ್ಸು ಅಲ್ಲಿರಬೇಕು. ಮುಂಬೈನ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ, ಅದು ನಗರಪಾಲಿಕೆಯದು, 2000ದಲ್ಲೇ 'ದಿಲಾಸಾ' ಎಂಬ ಕೇಂದ್ರ ತೆರೆದು ಇದನ್ನು ಮಾಡಿ ತೋರಿಸಿದರು. ಒಂದು ಕೋಣೆ, ಇಬ್ಬರು ಆಪ್ತಸಮಾಲೋಚಕಿಯರು, ಸಿಬ್ಬಂದಿಗೆ ತರಬೇತಿ. ಒಂದು ತಾಲ್ಲೂಕು ಆಸ್ಪತ್ರೆಗೆ ಇದು ದೊಡ್ಡ ಖರ್ಚೇ?

ಸಂಘದ ಮುಂದಿನ ಸಭೆಯಲ್ಲಿ ಸಾಲದ ಪುಸ್ತಕ ತೆಗೆಯಿರಿ. ಆಸ್ಪತ್ರೆಗೆಂದು ಎತ್ತಿದ ಸಾಲ ಎಷ್ಟು, ಅದರಲ್ಲಿ ಮಗಳಿಗಾಗಿ ಎತ್ತಿದ್ದೆಷ್ಟು, ಯಾವ ಸೌಲಭ್ಯ ಇಲ್ಲದ್ದಕ್ಕೆ ಎತ್ತಬೇಕಾಯಿತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಬಜೆಟ್ಟಿಗೆ ಮೊದಲು ಆ ಹಾಳೆ ನಿಮ್ಮ ಶಾಸಕರ ಕೈ ಸೇರಲಿ, ಇನ್ನೊಂದು ಪ್ರತಿ ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ.